555 ಐಸಿಗೆ ಸ್ಪೀಕರ್ ಹಾಕಿದೆ: ಐಸಿ ಬಿಸಿಯಾಗ್ತಿದೆ, ದನಿ ಮಾತ್ರ ಗೊರಗೊರ

ಹೊಸಬೆಸುಗೆ | ಶನಿವಾರ ರಾತ್ರಿ 9:12
ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಾನಿಕ್ಸ್ ಕಲಿಯೋಕೆ ಕೈ ಹಾಕಿ ಎರಡು ತಿಂಗಳಾಯ್ತು. ಬ್ರೆಡ್‌ಬೋರ್ಡ್ (ಬೆಸುಗೆ ಇಲ್ದೆ ತಂತಿ ಸಿಕ್ಕಿಸೋ ಹಲಗೆ) ಮೇಲೆ ಎನ್‌ಇ555 ಟೈಮರ್ ಐಸಿ ಇಟ್ಟು ಎಲ್‌ಇಡಿ ಮಿನುಗಿಸೋ ಸರ್ಕ್ಯೂಟ್ ಮಾಡಿದ್ದೆ. 8ನೇ (ಸಪ್ಲೈ) ಪಿನ್ ಮತ್ತು 7ರ ನಡುವೆ 1ಕೆ ರೆಸಿಸ್ಟರ್, 7 ಮತ್ತು 6ರ ನಡುವೆ 68ಕೆ, 2 ಮತ್ತು 6 ಜೋಡಿಸಿ ಅಲ್ಲಿಂದ ಗ್ರೌಂಡ್‌ಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್. ಸೆಕೆಂಡಿಗೊಂದು ಸಲ ಚೆನ್ನಾಗಿ ಮಿನುಗ್ತಿತ್ತು.

ಇವತ್ತು ಸೌಂಡ್ ಬರಿಸೋಣ ಅಂತ 10 ಮೈಕ್ರೋ ತೆಗೆದು 10 ನ್ಯಾನೋ ಸೆರಾಮಿಕ್ ಹಾಕಿದೆ. ಲೆಕ್ಕದ ಪ್ರಕಾರ ಸುಮಾರು 1050 ಹರ್ಟ್ಸ್ ಬರಬೇಕು. 8 ಓಮ್ ಸ್ಪೀಕರನ್ನ 3ನೇ ಪಿನ್‌ಗೂ ಗ್ರೌಂಡ್‌ಗೂ ನೇರ ಸಿಕ್ಕಿಸಿದೆ. 9 ವೋಲ್ಟ್ ಬ್ಯಾಟರಿ ಕೊಟ್ಟ ಕೂಡಲೇ ಒಂದು ಟಪ್, ಆಮೇಲೆ ಗಂಟಲು ಕಟ್ಟಿದವರ ಥರ ಗೊರಗೊರ. ಹತ್ತಿರ ಕೈ ತಂದ್ರೆ ದನಿ ಬದಲಾಗುತ್ತೆ, ಒಮ್ಮೊಮ್ಮೆ ನಿಂತೇ ಹೋಗುತ್ತೆ. ಅರ್ಧ ನಿಮಿಷದಲ್ಲಿ ಐಸಿ ಮುಟ್ಟೋಕಾಗದಷ್ಟು ಬಿಸಿ. ಐಸಿ ಹೋಯ್ತಾ? ಸ್ಪೀಕರ್ ಹೋಯ್ತಾ? ಎರಡೂನಾ?

ಮೂರನೇಕಾಲು | 9:15
ಕೆಪಾಸಿಟರ್ ಎಲ್ಲಿ?

ಹೊಸಬೆಸುಗೆ | 9:16
ಹಾಕಿದ್ದೀನಲ್ಲ ಸರ್, 10 ನ್ಯಾನೋ.

ಮೂರನೇಕಾಲು | 9:17
ಟೈಮಿಂಗ್‌ದಲ್ಲ. ಸ್ಪೀಕರ್‌ಗೆ ಸರಣಿಯಲ್ಲಿ ಇರಬೇಕಾದ್ದು.

ಓಮ್‌ಕಾರ | 9:31
ಮೊದಲು ಒಂದು ಸಣ್ಣ ಭಾಗಾಕಾರ ಮಾಡಿ, ಐಸಿ ಯಾಕೆ ಕಾಯ್ತು ಅಂತ ತಾನಾಗೇ ಗೊತ್ತಾಗುತ್ತೆ. ಸಾಮಾನ್ಯ ಎನ್‌ಇ555ರ ಔಟ್‌ಪುಟ್ ಮೇಲಿದ್ದಾಗ ಸಪ್ಲೈಗಿಂತ ಸುಮಾರು 1.7 ವೋಲ್ಟ್ ಕೆಳಗೆ ನಿಲ್ಲುತ್ತೆ. 9ರಲ್ಲಿ 1.7 ಕಳೆದರೆ 7.3. ಅದನ್ನ 8 ಓಮ್‌ನಿಂದ ಭಾಗಿಸಿದರೆ 0.91 ಆಂಪಿಯರ್. ಈ ಐಸಿ ಕೊಡೋದು ಹೆಚ್ಚೆಂದರೆ 200 ಮಿಲಿಆಂಪ್. ನಾಲ್ಕು ಪಟ್ಟಿಗಿಂತ ಜಾಸ್ತಿ ಕೇಳ್ತಿದ್ದೀರಿ. ಅಷ್ಟು ಕೊಡೋಕೆ ಐಸಿ ಕೈಲೂ ಆಗಲ್ಲ, ಆ ಬ್ಯಾಟರಿ ಕೈಲಂತೂ ಮೊದಲೇ ಆಗಲ್ಲ. ಎರಡೂ ಏದುಸಿರು ಬಿಡ್ತಾ ಇರೋ ಸದ್ದು ನಿಮಗೆ ಗೊರಗೊರ ಅಂತ ಕೇಳಿಸ್ತಿದೆ.

ಸ್ಪೀಕರ್‌ಗೆ ಸರಣಿಯಲ್ಲಿ 47 ಓಮ್ ರೆಸಿಸ್ಟರ್ ಒಂದು, 100 ಮೈಕ್ರೋ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಂದು ಹಾಕಿ. ಎಲೆಕ್ಟ್ರೋಲಿಟಿಕ್‌ನ ಪ್ಲಸ್ ಕಾಲು 3ನೇ ಪಿನ್ ಕಡೆಗೆ.

ಗಂಟುತಂತಿ | 9:40
ಅಲ್ರೀ, ನಾ ಎಷ್ಟ್ ಸಲ ನೇರ ಹಚ್ಚೇನಿ, ಒಂದ್ ಐಸಿನೂ ಸತ್ತಿಲ್ಲ. 555 ಅಂದ್ರ ಕಲ್ಲಿನಂಥಾ ಐಸಿ. ಸುಮ್ಮನ ಹುಡುಗನ್ನ ಹೆದರಸ್ತೀರಿ.

ಓಮ್‌ಕಾರ | 9:43
ಎಷ್ಟು ವೋಲ್ಟ್‌ನಲ್ಲಿ ಹಚ್ಚಿದ್ರಿ? ಎಷ್ಟು ಹೊತ್ತು?

ಗಂಟುತಂತಿ | 9:46
5 ವೋಲ್ಟ್‌ದಾಗ. ಹೊತ್ತು ಯಾರ್ ನೋಡ್ಯಾರ, ಬೀಪ್ ಬೀಪ್ ಅಂತ ಬಡದು ನಿಲ್ತಿತ್ತು.

ಓಮ್‌ಕಾರ | 9:50
ಅಲ್ಲೇ ಇದೆ ನೋಡಿ ವ್ಯತ್ಯಾಸ. 5 ವೋಲ್ಟ್‌ನಲ್ಲಿ ಔಟ್‌ಪುಟ್ 3.3 ದಾಟಲ್ಲ. ಮೇಲಾಗಿ ನಿಮ್ಮದು ಬೀಪ್, ನಡುವೆ ತಣ್ಣಗಾಗೋಕೆ ಸಮಯ ಸಿಗುತ್ತೆ. ಇವರದ್ದು 9 ವೋಲ್ಟ್, ನಿರಂತರ. ಐಸಿ ಸಾಯದೇ ಇದ್ದದ್ದು ಅದರ ದೊಡ್ಡತನ, ನಿಮ್ಮ ವಿನ್ಯಾಸದ್ದಲ್ಲ.

ಗಂಟುತಂತಿ | 9:52
ಆತು ಬಿಡ್ರೀ, ದೊಡ್ಡತನ ಒಪ್ಪಿದ್ರಲ್ಲ 😄

ಕಡಲಕರೆಂಟು | 10:05
ಕೈ ತಂದರೆ ದನಿ ಬದಲಾಗ್ತದೆ ಅಂದ್ರಲ್ಲ, ನನಗೆ ಅದರ ಮೇಲೆಯೇ ಕಣ್ಣು ಮಾರಾಯ್ರೆ. 4ನೇ ಪಿನ್ ಎಲ್ಲಿಗೆ ಹಾಕಿದ್ದೀರಿ? ನೀವು ಬರೆದದ್ದರಲ್ಲಿ ಆ ಪಿನ್ನಿನ ಸುದ್ದಿಯೇ ಇಲ್ಲ.

ಹೊಸಬೆಸುಗೆ | 10:09
ಅದು ರೀಸೆಟ್ ಅಲ್ವಾ? ನನಗೆ ರೀಸೆಟ್ ಬೇಡ ಅಂತ ಎಲ್ಲಿಗೂ ಹಾಕಿಲ್ಲ. ಎಲ್‌ಇಡಿ ಆಗ ಚೆನ್ನಾಗೇ ಮಿನುಗ್ತಿತ್ತಲ್ಲ.

ಕಡಲಕರೆಂಟು | 10:14
ಸಿಕ್ಕಿತು ನೋಡಿ. ಬೇಡದ ಪಿನ್ನನ್ನು ಗಾಳಿಯಲ್ಲಿ ಬಿಡುವುದಲ್ಲ, 8ಕ್ಕೆ ಕಟ್ಟಿಹಾಕುವುದು. ಹಳೆಯ ಮಾದರಿಯ 555ರಲ್ಲಿ ಬಿಟ್ಟರೂ ಹೆಚ್ಚಿನ ಸಲ ನಡೀತದೆ, ಅದೇ ದೊಡ್ಡ ಮೋಸ. ನಡೆಯುವಾಗ ನೀವು ಸರಿ ಇದ್ದೇನೆ ಅಂದುಕೊಳ್ತೀರಿ. ಪಕ್ಕದ ತಂತಿಯಲ್ಲಿ ದೊಡ್ಡ ಕರೆಂಟು ಹಾರಲು ಶುರು ಆದ ಕೂಡಲೇ ಆ ಪಿನ್ನು ಆಂಟೆನಾ ಆಗ್ತದೆ. ಎಲ್‌ಇಡಿಗೆ ಹೋಗುವ 10 ಮಿಲಿಆಂಪಿನಲ್ಲಿ ಗೊತ್ತಾಗದ್ದು ಸ್ಪೀಕರಿನಲ್ಲಿ ಗೊತ್ತಾಯ್ತು. ಇನ್ನು 5ನೇ ಪಿನ್ನಿನಿಂದ ಗ್ರೌಂಡಿಗೆ 10 ನ್ಯಾನೋ ಒಂದು ಹಾಕಿಬಿಡಿ.

ಹಳೇರೇಡಿಯೋ | 10:30
ಒಂದು ಮಾತು ಸೇರಿಸುತ್ತೇನೆ. ಈ ಐಸಿಯ ಔಟ್‌ಪುಟ್ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಹೊರಳುವ ಒಂದು ಕ್ಷಣ ಮೇಲಿನ ಟ್ರಾನ್ಸಿಸ್ಟರೂ ಕೆಳಗಿನ ಟ್ರಾನ್ಸಿಸ್ಟರೂ ಒಟ್ಟಿಗೆ ತೆರೆದುಕೊಂಡಿರುತ್ತವೆ. ಆಗ ಸಪ್ಲೈನಿಂದ ಗ್ರೌಂಡ್‌ಗೆ ಒಂದು ಕರೆಂಟಿನ ಹೊಡೆತ ನೇರ ಹಾಯುತ್ತದೆ. ತೀರಾ ಸಣ್ಣ ಹೊತ್ತು, ಆದರೆ ಆ ಹೊಡೆತಕ್ಕೆ ಸಪ್ಲೈ ಕುಗ್ಗುತ್ತದೆ. ಅದಕ್ಕೇ 8 ಮತ್ತು 1ರ (ಗ್ರೌಂಡ್) ನಡುವೆ, ಐಸಿಗೆ ಅಂಟಿಕೊಂಡ ಹಾಗೆ, 0.1 ಮೈಕ್ರೋ ಸೆರಾಮಿಕ್ ಒಂದು, ಪಕ್ಕದಲ್ಲಿ 100 ಮೈಕ್ರೋ ಎಲೆಕ್ಟ್ರೋಲಿಟಿಕ್ ಒಂದು ಇರಲೇಬೇಕು. ರೇಖಾಚಿತ್ರಗಳಲ್ಲಿ ಇವನ್ನು ಬಿಟ್ಟುಬಿಡುತ್ತಾರೆ, ಕಲಿಯುವವರು ಅದನ್ನೇ ನಂಬುತ್ತಾರೆ.

ಬ್ಯಾಟರಿ ಹೊಸದೋ ಹಳೆಯದೋ? ಸ್ಪೀಕರ್ ನಡೆಯುತ್ತಿರುವಾಗಲೇ ಮೀಟರ್ ಇಟ್ಟು ವೋಲ್ಟೇಜ್ ನೋಡಿ. ಏನೂ ಜೋಡಿಸದೆ ನೋಡಿದರೆ ಎಲ್ಲ ಬ್ಯಾಟರಿಯೂ ಸಾಧು.

ಹೊಸಬೆಸುಗೆ | 10:47
ನೋಡಿದೆ ಸರ್. ಏನೂ ಜೋಡಿಸದೆ 8.7. ಸ್ಪೀಕರ್ ನೇರ ಹಾಕಿದ್ರೆ 5.2!! ಇದು ಹಳೇ ಮಲ್ಟಿಮೀಟರ್‌ನಿಂದ ತೆಗೆದ ಬ್ಯಾಟರಿ.

ಗಂಟುತಂತಿ | 10:49
ನೋಡ್ರಿ, 5 ವೋಲ್ಟ್‌ದಾಗ ನಡಸ್ತಿದ್ದಾ. ನನ್ನ ಪದ್ಧತಿನ.

ಓಮ್‌ಕಾರ | 10:50
😂 ಇವತ್ತು ನಿಮಗೇ ಗೆಲುವು.

ತಂತಿತರ್ಲೆ | 10:58
ಯಾಕಿಷ್ಟು ಪಾಡು? ಒಂದು ಆರ್ಡುಯಿನೋ (ಕೋಡ್ ಬರೆದು ಓಡಿಸೋ ಪುಟ್ಟ ಬೋರ್ಡ್) ಇಟ್ಟು ಟೋನ್ ಅಂತ ಒಂದು ಸಾಲು ಕೋಡ್ ಬರೆದ್ರೆ ಮುಗೀತು. ಬೇಕಾದ ಸ್ವರ, ಬೇಕಾದಷ್ಟು ಹೊತ್ತು. 50 ವರ್ಷ ಹಿಂದಿನ ಐಸಿ ಹಿಡ್ಕೊಂಡು ಕೂತಿದ್ದೀರಿ.

ಮೂರನೇಕಾಲು | 11:02
ಆರ್ಡುಯಿನೋ ಊನೋದ ಒಂದು ಪಿನ್ ತಡೆಯೋ ಗರಿಷ್ಠ 40 ಮಿಲಿಆಂಪ್. ಅದಕ್ಕೆ ಈ 8 ಓಮ್ ನೇರ ಹಾಕಿ ನೋಡಿ, ಆಮೇಲೆ ಬಂದು ಮಾತಾಡೋಣ.

ತಂತಿತರ್ಲೆ | 11:04
ಟ್ರಾನ್ಸಿಸ್ಟರ್ ಹಾಕ್ತೀನಪ್ಪ.

ಮೂರನೇಕಾಲು | 11:05
ಹಾಗಿದ್ರೆ ಪಾಡು ಅಷ್ಟೇ ಆಯ್ತಲ್ಲ. ಸ್ಪೀಕರ್‌ಗೆ ಕೋಡ್ ಓದೋಕೆ ಬರಲ್ಲ.

ಕುಸುಮಬಾಲ | 11:20
ತಂತಿತರ್ಲೆ ಅವರ ಮಾತನ್ನ ಪೂರ್ತಿ ತಳ್ಳಿಹಾಕಬೇಡಿ, ಹಾಡು ನುಡಿಸಬೇಕು ಅಂದ್ರೆ ಕೋಡೇ ಸರಿ. ಆದ್ರೆ ಕಲಿಯೋಕೆ 555 ಬೇರೆಯೇ ಸುಖ. ಕೆಪಾಸಿಟರ್ ಸಪ್ಲೈನ ಮೂರನೇ ಎರಡು ಭಾಗದವರೆಗೆ ತುಂಬುತ್ತೆ, ಆಗ ಒಳಗಿನ ಟ್ರಾನ್ಸಿಸ್ಟರ್ 7ನೇ ಪಿನ್ನನ್ನ ಗ್ರೌಂಡ್‌ಗೆ ಎಳೆಯುತ್ತೆ, ಮೂರನೇ ಒಂದು ಭಾಗಕ್ಕೆ ಇಳಿಯೋವರೆಗೆ ಬಸಿಯುತ್ತೆ, ಮತ್ತೆ ತುಂಬುತ್ತೆ. ಇಷ್ಟೇ. ಎರಡು ಗುರುತೂ ಸಪ್ಲೈನ ಭಾಗಗಳೇ ಆಗಿರೋದ್ರಿಂದ ಬ್ಯಾಟರಿ 9 ಇದ್ರೂ 7 ಇದ್ರೂ ಸ್ವರ ಹೆಚ್ಚುಕಡಿಮೆ ಅದೇ. ಇದನ್ನ ಮೊದಲ ಸಲ ಕಾಗದದ ಮೇಲೆ ಬಿಡಿಸಿ ನೋಡಿದಾಗ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

ಹೊಸಬೆಸುಗೆ | ಭಾನುವಾರ ಬೆಳಿಗ್ಗೆ 8:20
ವರದಿ: ಹೊಸ ಬ್ಯಾಟರಿ. 4ನೇ ಪಿನ್ 8ಕ್ಕೆ. 5ಕ್ಕೆ 10 ನ್ಯಾನೋ. ಸಪ್ಲೈಗೆ 0.1 ಮತ್ತು 100. ಸ್ಪೀಕರ್‌ಗೆ 47 ಓಮ್ ಮತ್ತು 100 ಮೈಕ್ರೋ. ಐಸಿ ಬಿಸಿ ಇಲ್ಲ! ಕೈ ತಂದ್ರೂ ದನಿ ಅಲ್ಲಾಡಲ್ಲ! ಐಸಿನೂ ಬದುಕಿದೆ, ಸ್ಪೀಕರೂ ಬದುಕಿದೆ. ಎಲ್ಲರಿಗೂ ಸಾಷ್ಟಾಂಗ.

ಆದ್ರೆ ದನಿ ದಪ್ಪ. 1050 ಹರ್ಟ್ಸ್ ಅಂದ್ರೆ ಕುಯ್ ಅನ್ನಬೇಕಲ್ವಾ, ಇದು ಬ್ರೂಮ್ ಅಂತಿದೆ. ಮೊಬೈಲ್‌ನಲ್ಲಿ ಶ್ರುತಿ ನೋಡೋ ಆ್ಯಪ್ ಹಾಕಿದೆ, 98 ತೋರಿಸ್ತಿದೆ. ಸೂತ್ರನೇ ತಪ್ಪಾ? 1.44 ÷ ((ಆರ್1 + 2 × ಆರ್2) × ಸಿ) ಅಂತ ತಾನೇ?

ಬಿಸಿಬಿಸಿ547 | 8:41
ಸ್ಪೀಕರ್ ಸಣ್ಣದಿರಬೇಕು.

ಮೂರನೇಕಾಲು | 8:43
ಸಣ್ಣ ಸ್ಪೀಕರ್‌ಗೆ ದಪ್ಪ ದನಿಯೇ ಬರಲ್ಲ ಗುರುವೇ, ಉಲ್ಟಾ ಹೇಳ್ತಿದ್ದೀರಿ.

ಬಿಸಿಬಿಸಿ547 | 8:44
ಓ ಹೌದು. ಇನ್ನೂ ಕಣ್ಣು ಸರಿಯಾಗಿ ಬಿಟ್ಟಿಲ್ಲ.

ಕುಸುಮಬಾಲ | 8:55
1050 ಬರಬೇಕಾದಲ್ಲಿ 98. ಹೆಚ್ಚುಕಡಿಮೆ ಸರಿಯಾಗಿ ಹತ್ತನೇ ಒಂದು. ಸೂತ್ರ ತಪ್ಪಿದ್ರೆ, ಬ್ಯಾಟರಿ ಕುಗ್ಗಿದ್ರೆ ಇಷ್ಟು ನೀಟಾಗಿ ಹತ್ತರ ಲೆಕ್ಕ ಬರಲ್ಲ. ನಿಮ್ಮ ಟೈಮಿಂಗ್ ಕೆಪಾಸಿಟರ್ ಮೇಲೆ ಏನು ಬರೆದಿದೆ, 103 ಅಂತಾನಾ 104 ಅಂತಾನಾ? ಬೆಳಕಿಗೆ ಹಿಡಿದು ನೋಡಿ.

ಹೊಸಬೆಸುಗೆ | 9:03
ಭೂತಕನ್ನಡಿ ಹಿಡಿದೆ. 104 😭😭

ಕುಸುಮಬಾಲ | 9:06
ಅದೇ. ಮೊದಲೆರಡು ಅಂಕಿ ಹಾಗೇ ಬರೆದುಕೊಳ್ಳಿ, ಮೂರನೆಯದು ಎಷ್ಟು ಸೊನ್ನೆ ಅಂತ, ಒಟ್ಟು ಬರೋದು ಪಿಕೋಫ್ಯಾರಡ್‌ನಲ್ಲಿ. 103 ಅಂದ್ರೆ 10,000 ಪಿಕೋ, ಅಂದ್ರೆ 10 ನ್ಯಾನೋ. 104 ಅಂದ್ರೆ 100 ನ್ಯಾನೋ. ಸೆರಾಮಿಕ್ ಡಬ್ಬಿಯಲ್ಲಿ ಇವೆರಡೂ ಒಡಹುಟ್ಟಿದವರ ಥರ ಕಾಣ್ತವೆ. ಇನ್ನು 105 ಬರದೆ 98 ಯಾಕೆ ಬಂತು ಅಂದ್ರೆ ಬಿಡಿಭಾಗಗಳ ಅಳತೆ ಅಷ್ಟಿಷ್ಟು ಆಚೀಚೆ ಇದ್ದೇ ಇರುತ್ತೆ, ಸೆರಾಮಿಕ್‌ನಲ್ಲಿ ಇನ್ನೂ ಜಾಸ್ತಿ. ಸ್ವರ ನಿಲ್ಲಬೇಕು ಅಂದ್ರೆ ಟೈಮಿಂಗ್‌ಗೆ ಪಾಲಿಯೆಸ್ಟರ್ ಫಿಲ್ಮ್ ಕೆಪಾಸಿಟರ್ ಹಾಕಿ.

ಹಳೇರೇಡಿಯೋ | 9:15
ಭೇಷ್. ಬೋರ್ಡ್ ನೋಡದೆಯೇ ರೋಗ ಹಿಡಿದಿರಿ.

ಗಂಟುತಂತಿ | 9:22
ಹಂಗಾದ್ರ ನಿನ್ನೆ 5ನೇ ಪಿನ್ನಿಗೆ 10 ನ್ಯಾನೋ ಅಂತ ಹಚ್ಚಿದ್ದೂ 104 ಇರಬೇಕು, ತಗದು ನೋಡಪಾ.

ಹೊಸಬೆಸುಗೆ | 9:25
ಅದೂ 104. ಇಡೀ ಪೊಟ್ಟಣನೇ 104. 103 ಅಂದುಕೊಂಡು ಇಟ್ಕೊಂಡಿದ್ದೆ.

ಕಡಲಕರೆಂಟು | 9:27
5ನೇ ಪಿನ್ನಿನದ್ದು ಇರಲಿ, ಅಲ್ಲಿ ಅದು ಏನೂ ತೊಂದರೆ ಕೊಡುವುದಿಲ್ಲ. ಟೈಮಿಂಗಿನಲ್ಲಿ 104ನ್ನೇ ಇಟ್ಟು 68ಕೆ ಬದಲು 6.8ಕೆ ಹಾಕಿದರೂ ಸಾವಿರದ ಹತ್ತಿರ ಬರ್ತದೆ.

ಓಮ್‌ಕಾರ | 9:38
ಸರಿ, ಬರುತ್ತೆ. ಲೆಕ್ಕ ಹಾಕಿದೆ, 986. ಆದರೆ ಒಂದು ಎಚ್ಚರಿಕೆ. ರೆಸಿಸ್ಟರ್ ಇಳಿಸೋ ಹುಮ್ಮಸ್ಸಿನಲ್ಲಿ 7 ಮತ್ತು 8ರ ನಡುವಿನ 1ಕೆ ಮುಟ್ಟಬೇಡಿ. 7ನೇ ಪಿನ್ ಗ್ರೌಂಡ್‌ಗೆ ಎಳೆದಾಗಲೆಲ್ಲ ಇಡೀ ಸಪ್ಲೈ ಬೀಳೋದು ಆ ರೆಸಿಸ್ಟರ್ ಮೇಲೇ.

ಬಿಸಿಬಿಸಿ547 | 9:50
ಇದರಲ್ಲಿ ನನಗೆ ಪಿಎಚ್‌ಡಿ ಇದೆ. ಸ್ವರ ಏರಿಸಿ ಇಳಿಸೋಕೆ ಅಂತ 7 ಮತ್ತು 8ರ ನಡುವೆ ಬರೀ ಒಂದು ಪಾಟ್ (ತಿರುಗಿಸಿ ಬದಲಾಯಿಸೋ ರೆಸಿಸ್ಟರ್) ಇಟ್ಟಿದ್ದೆ. ತಿರುಗಿಸ್ತಾ ಹೋದೆ, ದನಿ ಏರ್ತಾ ಹೋಯ್ತು, ಖುಷಿಯೋ ಖುಷಿ. ಪೂರ್ತಿ ಕೊನೆಗೆ ತಿರುಗಿಸಿದೆ, ದನಿ ನಿಂತು ಹೊಗೆ ಬಂತು. ಪಾಟ್ ಹೋಯ್ತು, ಐಸಿ ಹೋಯ್ತು, ನಾಲ್ಕು ದಿನ ಕೋಣೆಯಲ್ಲಿ ವಾಸನೆ. ಈಗ ಪಾಟ್‌ನ 6 ಮತ್ತು 7ರ ನಡುವೆ ಇಡ್ತೀನಿ, ಜೊತೆಗೆ 1ಕೆ ಸರಣಿಯಲ್ಲಿ.

ಮೂರನೇಕಾಲು | 9:53
ಹೆಸರು ಬಿಸಿಬಿಸಿ ಯಾಕೆ ಅಂತ ಈಗ ಗೊತ್ತಾಯ್ತು.

ಬಿಸಿಬಿಸಿ547 | 9:58
ಇಲ್ಲ, ಆ ಕತೆಯೇ ಬೇರೆ. ದನಿ ಸಾಲದು ಅಂತ 3ನೇ ಪಿನ್‌ನಿಂದ 1ಕೆ ಮೂಲಕ ಬಿಸಿ547 ಟ್ರಾನ್ಸಿಸ್ಟರ್ ಓಡಿಸಿ, ಅದಕ್ಕೆ 8 ಓಮ್ ಸ್ಪೀಕರ್ ಕಟ್ಟಿದ್ದೆ. ಅದರ ಮಿತಿ 100 ಮಿಲಿಆಂಪ್ ಅಂತ ಯಾರು ಓದಿದ್ರು? ಹೆಸರಿಗೆ ತಕ್ಕ ಹಾಗೆ ಬಿಸಿಯಾಯ್ತು. ಆಮೇಲೆ ತೆಗೆದು ಪಿಎನ್2222 ಹಾಕಿದೆ, ಕೆಲಸನೇ ಮಾಡಲಿಲ್ಲ. ಯಾಕೆ ಹೇಳಿ?

ಕಡಲಕರೆಂಟು | 10:01
ಕಾಲುಗಳು ಉಲ್ಟಾ. ಚಪ್ಪಟೆ ಮುಖ ನಮ್ಮ ಕಡೆ ಇಟ್ಟರೆ ಬಿಸಿ547 ಕಲೆಕ್ಟರ್, ಬೇಸ್, ಎಮಿಟರ್. ಪಿಎನ್2222 ಎಮಿಟರ್, ಬೇಸ್, ಕಲೆಕ್ಟರ್.

ಬಿಸಿಬಿಸಿ547 | 10:02
ಕರೆಕ್ಟ್. ಎರಡು ದಿನ ಹಿಡೀತು ನನಗೆ.

ಹೊಸಬೆಸುಗೆ | 10:10
ಒಂದು ಡೌಟು. ಈ 100 ಮೈಕ್ರೋ ಸರಣಿಯಲ್ಲಿ ಹಾಕಿದ್ರೆ ದನಿ ಕಮ್ಮಿ ಆಗಲ್ವಾ? ಕೆಪಾಸಿಟರ್ ಇಲ್ದೆ ಬರೀ 47 ಓಮ್ ಇಟ್ರೂ 200 ಮಿಲಿಆಂಪ್ ಒಳಗೇ ಇರುತ್ತಲ್ಲ?

ಓಮ್‌ಕಾರ | 10:42
ಒಳ್ಳೇ ಪ್ರಶ್ನೆ, ಇದಕ್ಕೆ ಕಾಗದ ಪೆನ್ನು ಹಿಡಿದೇ ಕೂತೆ.

ಕೆಪಾಸಿಟರ್ ಇಲ್ಲದೆ: ಔಟ್‌ಪುಟ್ ಮೇಲಿರುವಾಗ 7.3 ÷ 55, ಅಂದರೆ 133 ಮಿಲಿಆಂಪ್. ಕೆಳಗಿರುವಾಗ ಸೊನ್ನೆ. ಅರ್ಧ ಹೊತ್ತು ಮೇಲೆ, ಅರ್ಧ ಹೊತ್ತು ಕೆಳಗೆ. 47 ಓಮ್‌ನಲ್ಲಿ ಸುಡೋದು ಸರಾಸರಿ 0.42 ವ್ಯಾಟ್. ನಿಮ್ಮ ಹತ್ತಿರ ಇರೋದು ಕಾಲು ವ್ಯಾಟ್ ರೆಸಿಸ್ಟರ್ ತಾನೇ? ಕಂದುತ್ತೆ. ಸ್ಪೀಕರ್‌ಗೆ ಹೋಗೋದು 70 ಮಿಲಿವ್ಯಾಟ್.

ಕೆಪಾಸಿಟರ್ ಇದ್ದಾಗ: ಸರಾಸರಿ ಡಿಸಿಯನ್ನ ಅದು ತಡೆದುಬಿಡುತ್ತೆ. ಸ್ಪೀಕರ್‌ನಲ್ಲಿ ಕರೆಂಟು ಒಮ್ಮೆ ಆ ಕಡೆ 66, ಒಮ್ಮೆ ಈ ಕಡೆ 66 ಮಿಲಿಆಂಪ್. ರೆಸಿಸ್ಟರ್‌ನಲ್ಲಿ 0.2 ವ್ಯಾಟ್, ತಡೆಯುತ್ತೆ. ಸ್ಪೀಕರ್‌ಗೆ 35 ಮಿಲಿವ್ಯಾಟ್.

ಅಯ್ಯೋ ಅರ್ಧ ಆಯ್ತಲ್ಲ ಅಂತೀರಾ? ಇಲ್ಲ! ಮೊದಲಿನ 70ರಲ್ಲಿ 35 ಬರೀ ಡಿಸಿ. ಅದು ಕೋನನ್ನ ಒಂದೇ ಕಡೆಗೆ ಒತ್ತಿ ಹಿಡಿದು ಕಾಯಿಲ್ ಕಾಯಿಸುತ್ತೆ, ಕಿವಿಗೆ ಏನೂ ಬರಲ್ಲ. ಅಲುಗಾಡಿಸೋ ಪಾಲು ಎರಡರಲ್ಲೂ ಅದೇ 35. ಅಂದರೆ ಕೆಪಾಸಿಟರ್ ಹಾಕಿದ್ದರಿಂದ ದನಿ ಒಂದು ಚೂರೂ ಕಮ್ಮಿಯಾಗಲ್ಲ, ಸ್ಪೀಕರ್‌ಗಾಗಿ ಬ್ಯಾಟರಿಯಿಂದ ಎಳೆಯೋ ಕರೆಂಟು ಅರ್ಧಕ್ಕೆ ಇಳಿಯುತ್ತೆ.

ಗಂಟುತಂತಿ | 10:50
ಇದು ನನಗ ಗೊತ್ತಿರಲಿಲ್ಲ ನೋಡ್ರಿ. ಅರ್ಧಾ ಬ್ಯಾಟರಿ ಗಾಳಿಗೆ ಹೋಗತಿತ್ತಂದ್ರ, ಇನ್ನ ಮ್ಯಾಲೆ ಹಚ್ಚತೇನಿ.

ತಂತಿತರ್ಲೆ | 10:55
10 ಮೈಕ್ರೋ ಹಾಕಿದ್ರೆ ಸಾಲದಾ? 100 ಯಾಕೆ? ಹ್ಞಾಂ, 8 ಓಮ್‌ಗೆ 10 ಮೈಕ್ರೋ ಅಂದ್ರೆ 2000 ಹರ್ಟ್ಸ್ ಕೆಳಗಿನದ್ದೆಲ್ಲ ಸೋರಿಹೋಗುತ್ತೆ, ಸರಿ ಸರಿ.

ಕುಸುಮಬಾಲ | 11:01
8 ಓಮ್ ಮಾತ್ರ ಇದ್ರೆ 2000. ಇಲ್ಲಿ 47 ಸೇರಿ 55 ಓಮ್, ಹಾಗಾಗಿ 10 ಮೈಕ್ರೋಗೆ 290ರ ಸುತ್ತಮುತ್ತ. 1000 ಹರ್ಟ್ಸ್ ಬೀಪ್‌ಗೆ 10 ಸಾಕು. ಇವರ ಬೆಳಗಿನ 98 ಹರ್ಟ್ಸ್ ಬ್ರೂಮ್‌ಗೆ 100 ಬೇಕು, ಅದರ ಮಿತಿ 29ಕ್ಕೆ ಇಳಿಯುತ್ತೆ.

ಪದಪರೀಕ್ಷಕ | 11:30
ಕನ್ನಡದ ವೇದಿಕೆಯಲ್ಲಿ ಕೆಪಾಸಿಟರ್, ರೆಸಿಸ್ಟರ್, ಸ್ಪೀಕರ್! ಧಾರಕ, ರೋಧಕ, ಧ್ವನಿವರ್ಧಕ ಎಂಬ ಸೊಗಸಾದ ಪದಗಳಿವೆಯಲ್ಲ.

ಮೂರನೇಕಾಲು | 11:33
ಸ್ಪೀಕರ್‌ಗೆ ಧ್ವನಿವರ್ಧಕ ಅಂದ್ರೆ ಆಂಪ್ಲಿಫೈಯರ್‌ಗೆ ಏನಂತೀರಿ? ದನಿ ವರ್ಧಿಸೋದು ಅದು ತಾನೇ. ಸ್ಪೀಕರ್ ಪಾಪ ಬರೀ ಬಾಯಿ.

ಹಳೇರೇಡಿಯೋ | 11:45
ನಾವು ರೇಡಿಯೋ ರಿಪೇರಿ ಕಲಿತಾಗ ಕೆಪಾಸಿಟರ್ ಅನ್ನುತ್ತಲೂ ಇರಲಿಲ್ಲ, ಕಂಡೆನ್ಸರ್ ಎನ್ನುತ್ತಿದ್ದೆವು. ರೋಧಕ, ಧಾರಕ ಪಠ್ಯಪುಸ್ತಕದಲ್ಲಿ ಚೆನ್ನಾಗಿವೆ. ಬೆಸುಗೆ ಕಡ್ಡಿ ಕೈಯಲ್ಲಿದ್ದಾಗ ನಾಲಿಗೆಗೆ ಏನು ಬರುತ್ತದೋ ಅದು.

ಪದಪರೀಕ್ಷಕ | 11:48
ಬೆಸುಗೆ ಅಂದಿರಲ್ಲ, ಅಷ್ಟು ಸಾಕು 🙏

ತಂತಿತರ್ಲೆ | ಮಧ್ಯಾಹ್ನ 12:10
ಅಂದಹಾಗೆ 555 ಅಂತ ಹೆಸರು ಬಂದಿದ್ದು ಒಳಗೆ ಮೂರು 5ಕೆ ರೆಸಿಸ್ಟರ್ ಇರೋದಕ್ಕೆ. ಗೊತ್ತಾ?

ಹಳೇರೇಡಿಯೋ | 12:35
ಮೂರು 5ಕೆ ಇರುವುದು ನಿಜ. ಆ ಮೂರನೇ ಒಂದು, ಮೂರನೇ ಎರಡು ಗುರುತುಗಳು ಹುಟ್ಟುವುದೇ ಅವುಗಳಿಂದ. ಹೆಸರಿನ ಕತೆ ಮಾತ್ರ ಹಾಗಲ್ಲ. ಇದನ್ನು ವಿನ್ಯಾಸ ಮಾಡಿದವರು ಹ್ಯಾನ್ಸ್ ಕ್ಯಾಮೆನ್‌ಜಿಂಡ್, ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರು. 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗೆ ಗುತ್ತಿಗೆಯ ಮೇಲೆ ಮಾಡಿಕೊಟ್ಟರು, 1972ರಲ್ಲಿ ಮಾರುಕಟ್ಟೆಗೆ ಬಂತು. ಆ ಸಂಖ್ಯೆಯನ್ನು ಕಂಪನಿಯ ಮಾರಾಟ ವಿಭಾಗದ ಆರ್ಟ್ ಫ್ಯೂರಿ ಎಂಬುವರು ಸುಮ್ಮನೆ ಆರಿಸಿದ್ದು ಎಂದು ಕ್ಯಾಮೆನ್‌ಜಿಂಡ್ ಅವರೇ ಹೇಳಿದ್ದಾರೆ.

ನನಗೆ ಹೆಸರಿಗಿಂತ ಹಿಡಿಸುವ ಸಂಗತಿ ಇನ್ನೊಂದು. ಮೊದಲ ವಿನ್ಯಾಸಕ್ಕೆ 9 ಪಿನ್ ಬೇಕಿತ್ತು, 9ಕ್ಕೆ ಹೊಂದುವ ಪೊಟ್ಟಣ ಇಲ್ಲದೆ 14 ಪಿನ್ನಿನದ್ದಕ್ಕೇ ಹೋಗಬೇಕಾಗಿತ್ತು. ಒಳಗೆ ಸ್ಥಿರ ಕರೆಂಟಿನ ಮೂಲ ಇಡುವ ಬದಲು ಹೊರಗಿನ ಒಂದು ರೆಸಿಸ್ಟರಿನಿಂದಲೇ ಕೆಪಾಸಿಟರ್ ತುಂಬಿಸಿದರೆ ಸಾಕು ಎಂದು ಹೊಳೆದ ಮೇಲೆ 8ಕ್ಕೆ ಇಳಿಯಿತು. ನಾವು 7 ಮತ್ತು 8ರ ನಡುವೆ ಹಾಕುವ ರೆಸಿಸ್ಟರಿಗೂ ಆ ಹೊಳಹಿಗೂ ನೇರ ನಂಟು.

ತಂತಿತರ್ಲೆ | 12:40
ಆಯ್ತು ಸರ್, ಮೂರು 5ಕೆ ಕತೆ ವಾಪಸ್ ತಗೊಂಡೆ. ಐಸಿನೂ ಒಂದು ತರಿಸ್ಕೊಳ್ತೀನಿ 😶

ಸುಮ್ನೆಬಂದೆ | 1:15
ನಾನೂ ಇದೇ ಸರ್ಕ್ಯೂಟ್ ಮಾಡಿದ್ದೆ, ಆದರೆ ಸಿಮಾಸ್ ಬಗೆಯ ಟಿಎಲ್‌ಸಿ555 ಹಾಕಿದ್ದೆ. ಎಲ್ಲ ಸರಿ, ದನಿ ಪಿಸುಮಾತಿನಷ್ಟು. ಇದಕ್ಕೂ ಕೆಪಾಸಿಟರ್ ತಪ್ಪಾ?

ಕಡಲಕರೆಂಟು | 1:28
ಅಲ್ಲ, ಐಸಿಯೇ ಹಾಗೆ. ಅದು ಕರೆಂಟು ಒಳಗೆಳೆಯುವಾಗ 100 ಮಿಲಿಆಂಪ್ ತಡೀತದೆ, ಹೊರಗೆ ಕೊಡುವಾಗ 10 ಮಾತ್ರ. ಬ್ಯಾಟರಿ ಉಳಿಸುವುದರಲ್ಲಿ ಜಾಣ, ಸ್ಪೀಕರ್ ತಳ್ಳುವುದರಲ್ಲಿ ಸೋಮಾರಿ. ಟ್ರಾನ್ಸಿಸ್ಟರ್ ಒಂದು ಸೇರಿಸಿ, ಇಲ್ಲವಾದರೆ ಸ್ಪೀಕರ್ ತೆಗೆದು ಪೀಜೋ (ವೋಲ್ಟೇಜ್ ಕೊಟ್ಟರೆ ಅಲುಗಿ ಸದ್ದು ಮಾಡುವ ತೆಳು ಬಿಲ್ಲೆ) ಹಾಕಿ. ಪೀಜೋಗೆ ಕೆಲವೇ ಮಿಲಿಆಂಪ್ ಸಾಕು, 3000 ಹರ್ಟ್ಸಿನ ಆಸುಪಾಸಿನಲ್ಲಿ ಕಿವಿ ಕೊರೆಯುವ ಹಾಗೆ ಕೂಗ್ತದೆ.

ಆದರೆ ಬರೀ ಬಿಲ್ಲೆಯ ಪೀಜೋ ಬೇಕು. ಒಳಗೇ ಆಸಿಲೇಟರ್ ಇರುವ ಬಜರ್ ತಂದರೆ ನಿಮ್ಮ 555 ಏನೇ ಹೇಳಲಿ, ಅದು ತನ್ನದೇ ಸ್ವರ ಹಾಡ್ತದೆ. ಬ್ಯಾಟರಿ ನೇರ ಮುಟ್ಟಿಸಿದರೆ ಕೂಗಿದ್ದು ಬಜರ್, ಬರೀ ಟಿಕ್ ಅಂದದ್ದು ಬಿಲ್ಲೆ.

ಹೊಸಬೆಸುಗೆ | ಸಂಜೆ 5:40
6.8ಕೆ ಹಾಕಿದೆ. ಆ್ಯಪ್‌ನಲ್ಲಿ 940. ಕುಯ್ ಅಂತಿದೆ! ಆದ್ರೂ ಸ್ವಲ್ಪ ಬಡಕಲು ದನಿ, ಕೋಣೆ ತುಂಬಲ್ಲ. ಆಂಪ್ಲಿಫೈಯರ್ ಐಸಿ ಹಾಕಲಾ, ಎಲ್‌ಎಂ386 ಥರದ್ದು?

ಹಳೇರೇಡಿಯೋ | 5:55
ಏನೂ ಹಾಕಬೇಡಿ. ಸ್ಪೀಕರ್ ಮೇಜಿನ ಮೇಲೆ ಬೋರಲು ಬಿದ್ದಿದೆಯೋ, ಅಂಗಾತ ಬಿದ್ದಿದೆಯೋ? ಒಂದು ರಟ್ಟಿನ ಡಬ್ಬಿಗೆ ಕೋನಿನ ಅಳತೆಗೆ ತೂತು ಕೊರೆದು, ಸ್ಪೀಕರನ್ನು ಒಳಗಿನಿಂದ ಅಂಟಿಸಿ ಮುಚ್ಚಿ. ಕೋನ್ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದೆ ಎಳೆಯುತ್ತಿರುತ್ತದೆ. ಬರಿಯ ಸ್ಪೀಕರಿನಲ್ಲಿ ಇವೆರಡೂ ಅಂಚಿನ ಸುತ್ತ ಸೇರಿ ಒಂದನ್ನೊಂದು ನುಂಗುತ್ತವೆ. ನಡುವೆ ಗೋಡೆ ಎದ್ದರೆ ಸಾಕು.

ಹೊಸಬೆಸುಗೆ | 7:10
ಅಮ್ಮ ಅಡುಗೆಮನೆಯಿಂದ ಓಡಿ ಬಂದ್ರು. ಅಷ್ಟು ಜೋರು!! ಒಂದು ರಟ್ಟಿನ ಡಬ್ಬಿಗೆ ಇಷ್ಟು ಶಕ್ತಿನಾ?

ಗಂಟುತಂತಿ | 7:14
ಈಗ ಎರಡನೇ 555 ತಗೊಂಡು ಸೈರನ್ ಮಾಡಪಾ. ಮೊದಲನೇದು ನಿನ್ನ ಹಳೇ 68ಕೆ ಮತ್ತ 10 ಮೈಕ್ರೋ, ಸೆಕೆಂಡಿಗೊಮ್ಮೆ ಹೊರಳೂದು. ಅದರ 3ನೇ ಪಿನ್ 10ಕೆ ಮೂಲಕ ಎರಡನೇದರ 5ನೇ ಪಿನ್ನಿಗೆ. ಎರಡನೇದರ 5ಕ್ಕ ಹಚ್ಚಿದ್ದ ಕೆಪಾಸಿಟರ್ ತಗದ್ ಬಿಡು. ಡೀ ಡಾ ಡೀ ಡಾ ಅಂತದ. ಅವ್ವ ಮತ್ತ ಓಡಿ ಬರ್ತಾರ.

ಓಮ್‌ಕಾರ | 7:20
ಸೇರಿಸ್ತೀನಿ: ಎರಡೂ ಐಸಿಗೂ ಬೇರೆ ಬೇರೆ 0.1 ಮೈಕ್ರೋ, ತಮ್ಮ ತಮ್ಮ ಕಾಲಬುಡದಲ್ಲಿ. ಬ್ರೆಡ್‌ಬೋರ್ಡ್ ಉದ್ದದ್ದಾದರೆ ಅಂಚಿನ ಸಪ್ಲೈ ಗೆರೆ ನಡುವೆ ತುಂಡಾಗಿದೆಯಾ ಅಂತ ನೋಡಿಕೊಳ್ಳಿ, ಕೆಲವಲ್ಲಿ ಇರುತ್ತೆ. ಎರಡನೇ ಐಸಿಗೆ ಕರೆಂಟೇ ಹೋಗದೆ ಅರ್ಧ ದಿನ ಕೂತಿರ್ತೀರಿ.

ಸುಮ್ನೆಬಂದೆ | 8:02
ಸ್ಪೀಕರ್ ಬದಲು ಹೆಡ್‌ಫೋನ್ ಹಾಕಬಹುದಾ? ಮನೆಯಲ್ಲಿ ಮಗು ಮಲಗಿದೆ.

ಕುಸುಮಬಾಲ | 8:09
ಹಾಕಬಹುದು, ಆದ್ರೆ 47 ಓಮ್ ಇಟ್ಟುಕೊಂಡು ಖಂಡಿತ ಬೇಡ, ಕಿವಿಗೆ ಪೆಟ್ಟು. 1ಕೆ ಹಾಕಿ ಅನ್ನೋರೂ ಇದ್ದಾರೆ, ಅದೂ ಜೋರೇ. 10ಕೆ ಸರಣಿಯಲ್ಲಿ ಹಾಕಿ ಶುರು ಮಾಡಿ, 100 ಮೈಕ್ರೋ ಹಾಗೇ ಇರಲಿ. ಮೊದಲು ಮೇಜಿನ ಮೇಲಿಟ್ಟು ಪವರ್ ಕೊಡಿ, ಕೇಳಿಸಿಕೊಳ್ಳಿ, ಆಮೇಲೆ ಕಿವಿಗೆ.

ಸುಮ್ನೆಬಂದೆ | 8:31
10ಕೆ ಹಾಕಿದೆ, ಹದವಾಗಿದೆ. ಮಗು ಎದ್ದಿಲ್ಲ.

ಹೊಸಬೆಸುಗೆ | 9:47
ನಮ್ಮನೇಲಿ ಸೈರನ್ ರೆಡಿ. ಯಾರೂ ಮಲಗಿಲ್ಲ.